ತೊಂಬತ್ತೊಂಬತ್ತರ ಲೆಕ್ಕ

ಹಾಡಿಗೆ ಲೆಕ್ಕ ಇರೋದಿಲ್ಲ. ಒಬ್ಬಳು ಹಾಡಿದ್ದನ್ನು ಹತ್ತು ಜನ ಕೇಳಿದರೆ ಅದು ಹತ್ತು ಹಾಡಾಗುತ್ತದೆ. ಆ ಹತ್ತು ಜನ ತಂತಮ್ಮ ಹಟ್ಟಿಗೆ ಹೋಗಿ ಹಾಡಿಕೊಂಡರೆ ನೂರಾಗುತ್ತದೆ. ಹಂಚಿ ಹಂಚಿ ಹಾಡು ಸವೆದುಹೋಯಿತು ಅಂತ ಯಾರೂ ರಾಗಿಕಲ್ಲಿನ ಮುಂದೆ ಕೂತು ಅತ್ತದ್ದಿಲ್ಲ. ಹಾಡಿಗೆ ಲೆಕ್ಕ ಶುರುವಾದದ್ದು ಅದನ್ನು ತಟ್ಟೆಯ ಮೇಲೆ ಕೊರೆದು ಅಂಗಡಿಯಲ್ಲಿ ಇಟ್ಟಾಗ. ಎಷ್ಟು ತಟ್ಟೆ ಒತ್ತಿಸಬೇಕು, ಯಾರಿಗೆ ಮಾರಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗಳ ಹಿಂದೆ ಒಂದು ಇಡೀ ಚರಿತ್ರೆ ಇದೆ. ನಮ್ಮ ಪಠ್ಯಪುಸ್ತಕದವರು ಬರೆಯದೇ ಬಿಟ್ಟ ಚರಿತ್ರೆ.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಈ ಲೆಕ್ಕ 99ಕ್ಕೆ ಬಂದು ನಿಲ್ಲುತ್ತಿತ್ತು. ನೂರಕ್ಕೆ ಒಂದು ಕಮ್ಮಿ. ಕೂಲಿಕಾರರ ಹಾಡು, ಗಣಿಯವರ ಹಾಡು, ಹಳ್ಳಿಯ ಮುದುಕರ ಹಾಡು ಇವನ್ನೆಲ್ಲ ಸಣ್ಣ ಕಂಪೆನಿಗಳು 99 ತಟ್ಟೆ ಒತ್ತಿಸಿ ಕೈಬಿಡುತ್ತಿದ್ದವು. ಇವತ್ತು ಅದೇ ಊರಿನ ಅಂಗಡಿಗಳಲ್ಲಿ 'ಲಿಮಿಟೆಡ್ ಎಡಿಷನ್' ಎಂಬ ಚೀಟಿ ಅಂಟಿಸಿಕೊಂಡ ರೆಕಾರ್ಡುಗಳು ಕೂತಿವೆ. ಮುನ್ನೂರೇ ಪ್ರತಿ, ಐನೂರೇ ಪ್ರತಿ, ಪ್ರತಿಯೊಂದಕ್ಕೂ ನಂಬರು. ದುಡ್ಡಿದ್ದವರು ಬಾಗಿಲು ತೆಗೆಯುವ ಮುಂಚೆಯೇ ಸಾಲು ನಿಲ್ಲುತ್ತಾರೆ. ಆ 99 ಮತ್ತು ಈ 300 ಅಣ್ಣತಮ್ಮಂದಿರೇ? ಮೇಲುನೋಟಕ್ಕೆ ಹೌದು. ಹುಟ್ಟಿದ ಹೊಟ್ಟೆ ಮಾತ್ರ ಬೇರೆ. ಅದನ್ನು ಬಿಡಿಸಿ ನೋಡೋಣ.

ಮೊದಲು ಮರದಿಂದ ಶುರು ಮಾಡಬೇಕು.

ಹಳೆಯ ಗ್ರಾಮಫೋನ್ ಪ್ಲೇಟು ಆಗಿದ್ದು ಅರಗಿನಿಂದ. ಅರಗು ಅಂದರೆ ನಮಗೆ ಗೊತ್ತು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು ಅದೇ. ಮಹಾಭಾರತದ ಅರಗಿನ ಮನೆಯೂ ಗೊತ್ತು. ಪಾಂಡವರು ಸುರಂಗದಿಂದ ಪಾರಾದ ಕತೆಯನ್ನು ಮೇಷ್ಟ್ರುಗಳು ಕಣ್ಣರಳಿಸಿ ಹೇಳುತ್ತಾರೆ. ಆ ರಾತ್ರಿ ಊಟಕ್ಕೆ ಬಂದು ಅಲ್ಲೇ ಮಲಗಿದ್ದ ನಿಷಾದ ಹೆಂಗಸು ಮತ್ತು ಅವಳ ಐದು ಜನ ಗಂಡುಮಕ್ಕಳು ಬೆಂದು ಬೂದಿಯಾದದ್ದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಆ ತಾಯಿಗೆ ಹೆಸರೂ ಇಲ್ಲ. ಅರಗಿನ ಚರಿತ್ರೆ ಅಲ್ಲಿಂದಲೇ ಹಾಗಿದೆ. ಹೊಳಪು ಒಬ್ಬರಿಗೆ, ಬೆಂಕಿ ಇನ್ನೊಬ್ಬರಿಗೆ.

ಮುತ್ತುಗ, ಎಲಚಿ, ಕುಸುಮದಂಥ ಮರಗಳ ಎಳೆ ಕೊಂಬೆಗೆ ಅರಗಿನ ಹುಳು ಕೂತು ಅಂಟು ಸುರಿಸುತ್ತದೆ. ಛೋಟಾನಾಗಪುರದ ಕಾಡಿನಲ್ಲಿ ಮುಂಡಾ, ಒರಾಂವ್, ಸಂತಾಲ ಜನ ಆ ಕೊಂಬೆ ಕಡಿದು, ಕೆರೆದು ಅರಗು ತೆಗೆಯುತ್ತಿದ್ದರು. ಮಿರ್ಜಾಪುರದಂಥ ಊರುಗಳ ಕಾರ್ಖಾನೆಗಳಲ್ಲಿ ಅದನ್ನು ತೊಳೆದು, ಬಟ್ಟೆಯ ಉದ್ದ ಚೀಲಕ್ಕೆ ತುಂಬಿ, ಬೆಂಕಿಯ ಮುಂದೆ ಹಿಂಡಿ ಕರಗಿಸುತ್ತಿದ್ದರು. ಕರಗಿದ ಅರಗನ್ನು ಆಳು ಕೈಯಲ್ಲಿ, ಕಾಲಲ್ಲಿ, ಹಲ್ಲಲ್ಲಿ ಕಚ್ಚಿ ಹಿಡಿದು ತೆಳ್ಳಗೆ ಹಾಳೆಯಾಗಿ ಎಳೆಯುತ್ತಿದ್ದ. ಆ ಹಾಳೆ ಹಡಗು ಹತ್ತಿ ಇಂಗ್ಲೆಂಡು ಅಮೆರಿಕಕ್ಕೆ ಹೋಗಿ, ಕಲ್ಲಿನ ಪುಡಿ ಮತ್ತು ಮಸಿಯ ಜೊತೆ ಕಲಸಿ ಪ್ಲೇಟಾಗುತ್ತಿತ್ತು. ಲಂಡನ್ನಿನ ದಿವಾನಖಾನೆಯಲ್ಲಿ ತಿರುಗುತ್ತಿದ್ದ ಸಂಗೀತದೊಳಗೆ ನಮ್ಮ ಆದಿವಾಸಿಯ ಬೆವರಿತ್ತು, ಮಿರ್ಜಾಪುರದ ಕೂಲಿಯ ಹಲ್ಲಿನ ಗುರುತಿತ್ತು. ಆದರೆ ಆ ಕೂಲಿಯ ಹಾಡು ಆ ಪ್ಲೇಟಿನ ಮೇಲೆ ಇರಲಿಲ್ಲ.

ಪ್ಲೇಟಿಗೆ ಇನ್ನೊಂದು ಮಿತಿಯೂ ಇತ್ತು. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹೆಚ್ಚೂಕಮ್ಮಿ ಮೂರು ನಿಮಿಷ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ ಮೂರು ನಿಮಿಷ ಕೊಟ್ಟು ನೋಡಿ, ಗುರುವನ್ನು ನೆನೆಯೋದಕ್ಕೂ ಸಾಲದು. ಹಾಗಾಗಿ ರಾತ್ರಿಯಿಡೀ ಹಾಡುವವರು ಹೊರಗೆ ಉಳಿದರು, ಮೂರು ನಿಮಿಷಕ್ಕೆ ಮಡಚಿ ಕೂರಬಲ್ಲವರು ಒಳಗೆ ಹೋದರು. ಯಾವ ಹಾಡು ಉಳಿಯಬೇಕು ಎಂಬುದನ್ನು ತಟ್ಟೆಯ ಅಗಲವೇ ಅರ್ಧ ತೀರ್ಮಾನ ಮಾಡಿತ್ತು.

ಈಗ 1939ಕ್ಕೆ ಬರೋಣ. ಆ ವರ್ಷ ಕಡಲಿನ ಆಚೆ ಈಚೆ ಎರಡು ಸಣ್ಣ ಕಂಪೆನಿಗಳು ಎರಡು ಮುಖ್ಯ ತಟ್ಟೆ ತಂದವು.

ಲಂಡನ್ನಿನಲ್ಲಿ 1936ರಲ್ಲಿ ಕಾರ್ಮಿಕರ ಗಾಯನ ತಂಡಗಳು ಸೇರಿ ವರ್ಕರ್ಸ್ ಮ್ಯೂಸಿಕ್ ಅಸೋಸಿಯೇಷನ್ ಕಟ್ಟಿಕೊಂಡಿದ್ದವು. ಸಂಗೀತಗಾರ ಆಲನ್ ಬುಷ್ ಅದರ ಮುಂದಾಳು. ಅದೇ ವರ್ಷ ಲೆಫ್ಟ್ ಬುಕ್ ಕ್ಲಬ್ ಶುರುವಾಗಿತ್ತು. ಮುಂಗಡವಾಗಿ ಸದಸ್ಯರಾದವರಿಗೆ ಕಮ್ಮಿ ಬೆಲೆಗೆ ಪುಸ್ತಕ. ಪುಸ್ತಕಕ್ಕೆ ಆದದ್ದು ಹಾಡಿಗೆ ಯಾಕಾಗಬಾರದು? 1939ರಲ್ಲಿ ಅಸೋಸಿಯೇಷನ್ನಿನವರು ಟಾಪಿಕ್ ರೆಕಾರ್ಡ್ ಕ್ಲಬ್ ಶುರು ಮಾಡಿದರು. ಮೊದಲ ತಟ್ಟೆಯ ಒಂದು ಮಗ್ಗುಲಲ್ಲಿ ಪ್ಯಾಡಿ ರಯನ್ ಎಂಬ ಹೆಸರಿನವನ ವ್ಯಂಗ್ಯದ ಹಾಡು. ಕೂಲಿಕಾರರು ಕುಡಿಯುವ ಬಿಯರಿಗೆ ನೀರು ಬೆರೆಸುವ ಮಾಲೀಕನ ಬಗ್ಗೆ. ಇನ್ನೊಂದು ಮಗ್ಗುಲಲ್ಲಿ ಇಂಟರ್‌ನ್ಯಾಷನಲ್. ದೊಡ್ಡ ಕಂಪೆನಿಗೆ ಇದು ಬೇಕಿರಲಿಲ್ಲ. ಮಾಲೀಕನನ್ನು ಬೈಯುವ ಹಾಡನ್ನು ಮಾಲೀಕನೇ ಅಚ್ಚು ಹಾಕಿಸುತ್ತಾನೆಯೆ?

ಕ್ಲಬ್ ಎಂಬುದನ್ನು ಗಮನಿಸಬೇಕು. ಸದಸ್ಯರು ಎಷ್ಟೋ ಅಷ್ಟು ತಟ್ಟೆ. ಗೋದಾಮು ಬೇಡ, ಜಾಹೀರಾತು ಬೇಡ, ಮಾರಾಟವಾಗದೆ ಉಳಿದ ಸರಕಿನ ಸಾಲ ಬೇಡ. ನಮ್ಮ ಈ ಪತ್ರಿಕೆ ಚಂದಾದಾರರನ್ನು ಎಣಿಸಿಕೊಂಡು ಅಚ್ಚಿಗೆ ಹೋಗುವುದೂ ಇದೇ ಕಾರಣಕ್ಕೆ. ಓದುವವರು ಇಷ್ಟೇ ಇರಲಿ ಅಂತ ಆಸೆಯಲ್ಲ, ಜೇಬಿನಲ್ಲಿ ಇಷ್ಟೇ ಇದೆ.

ಎರಡನೆಯದು ನ್ಯೂಯಾರ್ಕಿನದು. ಅಲ್ಲಿ ಏಬೆಲ್ ಮಿರೊಪೊಲ್ ಅಂತ ಒಬ್ಬ ಶಾಲಾ ಮೇಷ್ಟ್ರು. ಕರಿಯರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕಾಲ ಅದು. ಅಂಥ ಒಂದು ಫೋಟೋ ನೋಡಿ ನಿದ್ದೆಗೆಟ್ಟ ಮೇಷ್ಟ್ರು ಪದ್ಯ ಬರೆದ. 1937ರಲ್ಲಿ ಅದು ಮೊದಲು ಅಚ್ಚಾದದ್ದು ಉಪಾಧ್ಯಾಯರ ಸಂಘದ ಪತ್ರಿಕೆಯಲ್ಲಿ. ಆಮೇಲೆ ಅವನೇ ರಾಗ ಹಾಕಿದ. ಅದೇ 'ಸ್ಟ್ರೇಂಜ್ ಫ್ರೂಟ್'. ಬಿಲ್ಲಿ ಹಾಲಿಡೇ ಎಂಬ ಕರಿಯ ಹೆಣ್ಣುಮಗಳು ಅದನ್ನು ಹಾಡತೊಡಗಿದಳು. ತಟ್ಟೆ ಮಾಡಿಸಿ ಅಂತ ತನ್ನ ಒಪ್ಪಂದವಿದ್ದ ಕೊಲಂಬಿಯಾ ಕಂಪೆನಿಯನ್ನು ಕೇಳಿದಳು. ದಕ್ಷಿಣದ ಬಿಳಿಯ ಅಂಗಡಿಯವರು ಸಿಟ್ಟಾದರೆ ವ್ಯಾಪಾರ ಕೆಡುತ್ತದೆಂದು ಅವರು ಒಲ್ಲೆ ಎಂದರು. ಬೇರೆ ಕಡೆ ಮಾಡಿಸಿಕೋ ಅಂತ ಅಪ್ಪಣೆ ಮಾತ್ರ ಕೊಟ್ಟರು.

ಬೇರೆ ಕಡೆ ಅಂದರೆ ಕಮಡೋರ್. ಮಿಲ್ಟ್ ಗೇಬ್ಲರ್ ಎಂಬುವನ ರೆಕಾರ್ಡ್ ಅಂಗಡಿ. ದೊಡ್ಡ ಕಂಪೆನಿಗಳು ಮಾರಿ ಮರೆತ ಜಾಝ್ ತಟ್ಟೆಗಳ ಅಚ್ಚುಗಳು ಗೋದಾಮಿನಲ್ಲಿ ಬಿದ್ದಿದ್ದವು. ಗೇಬ್ಲರ್ ದುಡ್ಡು ಕೊಟ್ಟು ಅವುಗಳಿಂದ ಸಣ್ಣ ಸಂಖ್ಯೆಯಲ್ಲಿ ಮತ್ತೆ ಒತ್ತಿಸಿ ಮಾರುತ್ತಿದ್ದ. 1938ರಲ್ಲಿ ತಾನೇ ಹಾಡಿಸಿ ತಟ್ಟೆ ತರಲು ಶುರು ಮಾಡಿದ. 1939ರ ಏಪ್ರಿಲ್ 20ರಂದು 'ಸ್ಟ್ರೇಂಜ್ ಫ್ರೂಟ್' ಅವನಲ್ಲಿ ಮುದ್ರಣವಾಯಿತು. ಅದು ಆಕೆಯ ಅತಿ ಹೆಚ್ಚು ಮಾರಾಟವಾದ ರೆಕಾರ್ಡುಗಳಲ್ಲಿ ಒಂದಾಯಿತು. 1999ರಲ್ಲಿ ಟೈಮ್ ಪತ್ರಿಕೆ ಅದನ್ನು ಶತಮಾನದ ಹಾಡು ಅಂತ ಕರೆಯಿತು. ಅರವತ್ತು ವರ್ಷ ಕಳೆದ ಮೇಲೆ ಹೊಗಳುವುದು ಸುಲಭ. ಆವತ್ತು ಅದನ್ನು ತಟ್ಟೆಯ ಮೇಲೆ ಇಳಿಸಿದ್ದು ಒಬ್ಬ ಅಂಗಡಿಯವನು.

ಇಲ್ಲಿಂದ ಒಂದು ಮಾತು ಹೊರಡುತ್ತದೆ. ಸಣ್ಣ ಕಂಪೆನಿ ಸಣ್ಣದಾಗಿದ್ದದ್ದು ಹಾಡು ಸಣ್ಣದೆಂದಲ್ಲ. ದೊಡ್ಡವರು ಭಯದಿಂದಲೋ ಲಾಭದ ಲೆಕ್ಕದಿಂದಲೋ ಕೈಬಿಟ್ಟದ್ದನ್ನು ಅದು ಎತ್ತಿಕೊಂಡಿತು. ಎತ್ತಿಕೊಂಡವನ ಕೈಯಲ್ಲಿ ಬಂಡವಾಳ ಇರಲಿಲ್ಲ. ಹಾಗಾಗಿ ಪ್ರತಿ ಕಡಿಮೆ.

ಮುಂದೆ ಯುದ್ಧ. ಏಷ್ಯಾದಲ್ಲಿ ಜಪಾನಿನ ಸೇನೆ ಮುನ್ನುಗ್ಗುತ್ತಿತ್ತು, ನಮ್ಮ ಕಡೆಯಿಂದ ಅರಗಿನ ಹಡಗುಗಳು ಹೋಗುವುದು ಕಷ್ಟವಾಯಿತು. ಯುದ್ಧದ ಸಾಮಾನಿಗೂ ಅರಗು ಬೇಕಿತ್ತು. 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡಿಗೆ ಬಳಸುವ ಅರಗನ್ನು ನೂರಕ್ಕೆ 70ರಷ್ಟು ಕಡಿತ ಮಾಡಿತು. ಹೊಸ ಪ್ಲೇಟು ಬೇಕಾದರೆ ಹಳೆಯದನ್ನು ತಂದುಕೊಡಿ, ಅರೆದು ಮತ್ತೆ ಒತ್ತುತ್ತೇವೆ ಅಂದರು. ಸಿಕ್ಕ ಅಷ್ಟಿಷ್ಟು ಅರಗನ್ನು ದೊಡ್ಡ ಕಂಪೆನಿಗಳು ಹೆಚ್ಚು ಮಾರಾಟವಾಗುವ ಹಾಡುಗಳಿಗೆ ಹಾಕಿದವು. ಬಡ ಕರಿಯರ, ಬಡ ಬಿಳಿಯರ ಹಾಡುಗಳ ಪಟ್ಟಿ ಮೊದಲು ಕತ್ತರಿಗೆ ಸಿಕ್ಕಿತು. ಬರ ಬಂದಾಗ ಯಾರ ತಟ್ಟೆಯಿಂದ ಅನ್ನ ಮೊದಲು ಮಾಯವಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇಂಗ್ಲೆಂಡಿನಲ್ಲಿ ಯುದ್ಧ ಇನ್ನೊಂದನ್ನು ತಂದಿತು. 1940ರ ಅಕ್ಟೋಬರಿನಲ್ಲಿ ಪರ್ಚೇಸ್ ಟ್ಯಾಕ್ಸ್ ಅಂತ ಹೊಸ ತೆರಿಗೆ ಬಂತು. ಪುಸ್ತಕಕ್ಕೂ ಹಾಕುವ ಯೋಚನೆ ಇತ್ತು. ಲೇಖಕರು, ಪ್ರಕಾಶಕರು ಗದ್ದಲ ಮಾಡಿದರು, ಪುಸ್ತಕಕ್ಕೆ ತೆರಿಗೆ ಕೈಬಿಟ್ಟರು. ರೆಕಾರ್ಡಿಗೆ ಬಿಡಲಿಲ್ಲ. ಇದನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಓದು ಬರಹ ಬಂದವನ ಜ್ಞಾನ ಪುಸ್ತಕದಲ್ಲಿದೆ, ಅದಕ್ಕೆ ಸುಂಕವಿಲ್ಲ. ಅಕ್ಷರ ಬಾರದವನ ಜ್ಞಾನ ಗಂಟಲಲ್ಲಿದೆ, ಅದು ತಟ್ಟೆಗೆ ಬಂದರೆ ಶೋಕಿ ಸಾಮಾನು, ಸುಂಕ ಕಟ್ಟು! ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ನಮ್ಮಜ್ಜಿಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ಸಹಿ ಇರಲಿಲ್ಲ. ಅವಳಿಗೆ ಗೊತ್ತಿದ್ದ ಪದಗಳು ನನ್ನ ಮೂರು ವರ್ಷದ ಓದಿಗಿಂತ ಹೆಚ್ಚಿದ್ದವು. ಅವಳ ಜ್ಞಾನ ಯಾವ ಸಾಲಿಗೆ ಸೇರುತ್ತದೆ, ಪುಸ್ತಕದ ಸಾಲಿಗೋ ಶೋಕಿಯ ಸಾಲಿಗೋ?

ಆ ತೆರಿಗೆಯಲ್ಲಿ ಒಂದು ಸಂದಿ ಇತ್ತು. ನೂರಕ್ಕಿಂತ ಕಡಿಮೆ ಒತ್ತಿಸಿದರೆ ತೆರಿಗೆ ಇಲ್ಲ. ಅಲ್ಲಿಂದ ಬಂತು 99. ಟಾಪಿಕ್‌ನವರ ಮೊದಮೊದಲ ಎಲ್‌ಪಿಗಳಲ್ಲಿ ಕೆಲವು 99 ಪ್ರತಿಯಲ್ಲೇ ಬಂದವು. ಊರಿನ ಚರ್ಚಿನ ಗಾಯನ ತಂಡ, ಶಾಲೆಯ ಮಕ್ಕಳು, ಕಂಪೆನಿ ಸಿಗದ ಹುಡುಗರ ಬ್ಯಾಂಡು ಹೀಗೆ ಎಷ್ಟೋ ಜನ ಇದೇ ಸಂದಿಯಲ್ಲಿ ನುಸುಳಿದರು. 1969ರಲ್ಲಿ ಫಾರೆವರ್ ಆಂಬರ್ ಎಂಬ ತಂಡ ತಂದ ಎಲ್‌ಪಿ 99 ಪ್ರತಿ. 1973ರಲ್ಲಿ ಪರ್ಚೇಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂದಾಗ ಈ ಸಂದಿಯೂ ಮುಚ್ಚಿತು.

ನೂರನೆಯ ತಟ್ಟೆ ಯಾರಿಗೆ ಸಿಗಬೇಕಿತ್ತೋ ಅವನ ಬಗ್ಗೆ ಯೋಚಿಸಿ. ಹಾಡು ಅವನದೇ ಇರಬಹುದು. ಅವನ ಅಪ್ಪನ ಗಣಿಯದೇ ಇರಬಹುದು. ಅವನು ನೂರನೆಯವನಾದದ್ದಷ್ಟೇ ತಪ್ಪು.

ತೆರಿಗೆ ಹೋದ ಮೇಲೂ ಸಣ್ಣ ಕಂಪೆನಿಗಳು ಯಾಕೆ ಮುನ್ನೂರು, ಐನೂರು ಅಂತ ನಿಲ್ಲಿಸುತ್ತವೆ? ಇದಕ್ಕೆ ತಟ್ಟೆ ಮಾಡುವ ಕೆಲಸವನ್ನೇ ನೋಡಬೇಕು. ಮೊದಲು ಒಂದು ಮೂಲ ತಟ್ಟೆಯ ಮೇಲೆ ಸೂಜಿಯಿಂದ ಹಾಡನ್ನು ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟು, ನಿಕ್ಕಲ್ ಬೆಳೆಸಿ, ಸುಲಿದು ತೆಗೆದರೆ ಉಬ್ಬು ಅಚ್ಚು. ಅದರಿಂದ 'ತಾಯಿ' ಅಂತ ಕರೆಯುವ ಇನ್ನೊಂದು ಅಚ್ಚು. ತಾಯಿಯಿಂದ ಒತ್ತುವ ಅಚ್ಚು. ಅದನ್ನು ಯಂತ್ರಕ್ಕೆ ಹಾಕಿ, ಬಿಸಿ ಪ್ಲಾಸ್ಟಿಕ್ಕಿನ ಉಂಡೆ ಇಟ್ಟು ಒತ್ತಿದರೆ ರೆಕಾರ್ಡು. ಒಂದು ತಟ್ಟೆ ಒತ್ತಿದರೂ ಸಾವಿರ ಒತ್ತಿದರೂ ಇಷ್ಟು ಕೆಲಸ ತಪ್ಪಿದ್ದಲ್ಲ.

ಲೆಕ್ಕ ಅರ್ಥವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಚ್ಚಿನ ಖರ್ಚು 50,000 ರೂಪಾಯಿ, ಆಮೇಲೆ ಒಂದೊಂದು ತಟ್ಟೆಗೆ 200 ಅನ್ನಿ. ನೂರು ತಟ್ಟೆ ಮಾಡಿಸಿದರೆ ಒಂದಕ್ಕೆ 700 ಬೀಳುತ್ತದೆ. ಸಾವಿರ ಮಾಡಿಸಿದರೆ ಒಂದಕ್ಕೆ 250 ಮಾತ್ರ. ಹಾಗಾದರೆ ಸಾವಿರ ಮಾಡಿಸಬಾರದೇ? ಮಾಡಿಸಬಹುದು, ಮೊದಲೇ ಎರಡೂವರೆ ಲಕ್ಷ ಎಣಿಸಿದರೆ. ನೂರಕ್ಕೆ 70,000 ಸಾಕು. ಅಂಗಡಿಯಲ್ಲಿ ಹತ್ತು ರೂಪಾಯಿಗೆ ಎಣ್ಣೆ ಪೊಟ್ಟಣ ಕೊಳ್ಳುವವನಿಗೂ ಗೊತ್ತು, ಡಬ್ಬ ತಗೊಂಡರೆ ಅಗ್ಗ ಅಂತ. ಡಬ್ಬಕ್ಕೆ ಬೇಕಾದ ದುಡ್ಡು ಒಂದೇ ಸಲಕ್ಕೆ ಕೈಯಲ್ಲಿಲ್ಲ. ಬಡವನಿಗೆ ಎಲ್ಲವೂ ದುಬಾರಿ ಬೀಳುವುದು ಹೀಗೆ. ಸಣ್ಣ ಕಂಪೆನಿಯ ಲಿಮಿಟೆಡ್ ಎಡಿಷನ್ ಎಂಬುದು ಆ ಎಣ್ಣೆ ಪೊಟ್ಟಣ.

ಈ ಕಟ್ಟನ್ನು ಬೇರೆ ರೀತಿ ಬಿಡಿಸಿದವನೂ ಒಬ್ಬ ಇದ್ದ. ಮೋಸಸ್ ಆಶ್. ವಾರ್ಸಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಯಹೂದಿ. ಅವನ ಹಿಂದಿನ ಕಂಪೆನಿ ದಿವಾಳಿಯಾಗಿತ್ತು. 1948ರಲ್ಲಿ ಮರಿಯನ್ ಡಿಸ್ಟ್ಲರ್ ಎಂಬಾಕೆಯ ಜೊತೆ ಫೋಕ್‌ವೇಸ್ ಶುರು ಮಾಡಿದ. 1986ರಲ್ಲಿ ಸಾಯುವ ಹೊತ್ತಿಗೆ 2,168 ಎಲ್‌ಪಿ ತಂದಿದ್ದ. ವುಡಿ ಗತ್ರಿ, ಲೆಡ್ ಬೆಲ್ಲಿ, ಕರಿಯರ ಹೋರಾಟದ ಹಾಡು, ಭಾಷಣ, ಕೊನೆಗೆ ಕಪ್ಪೆಗಳ ಕೂಗು ಕೂಡ. ಅವನೂ ಒಂದು ಸಲಕ್ಕೆ ಒತ್ತಿಸಿದ್ದು ಕೆಲವೇ ನೂರು. ಒಂದು ನಿಯಮ ಮಾತ್ರ ಬಿಡಲಿಲ್ಲ. ಯಾವ ತಟ್ಟೆಯನ್ನೂ ಪಟ್ಟಿಯಿಂದ ತೆಗೆಯಬಾರದು. ಖಾಲಿಯಾದರೆ ಮತ್ತೆ ಸ್ವಲ್ಪ ಒತ್ತಿಸು. ವರ್ಷಕ್ಕೆ ಐದೇ ಜನ ಕೇಳಿದರೂ ಆ ಐದು ಜನಕ್ಕೆ ಸಿಗಬೇಕು. ಕಮ್ಮಿ ಬಳಸುತ್ತಾರೆ ಅಂತ ಒಂದು ಅಕ್ಷರವನ್ನು ನಿಘಂಟಿನಿಂದ ಕಿತ್ತು ಹಾಕುತ್ತೀರಾ ಎಂಬುದು ಅವನ ವಾದವಾಗಿತ್ತು. ಮೇಷ್ಟ್ರುಗಳಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಕಾಗುಣಿತದ ಙ, ಞ ಇವನ್ನು ಯಾರು ಎಷ್ಟು ಸಲ ಬರೆಯುತ್ತಾರೆ? ಆದರೂ ಮಗು ಕಲಿಯುತ್ತದೆ. ಅವನು ಸತ್ತ ಮೇಲೆ 1987ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಇದನ್ನೆಲ್ಲ ತೆಗೆದುಕೊಂಡಾಗ ಇದ್ದ ಷರತ್ತೂ ಅದೇ. ಒಂದೂ ತಟ್ಟೆ ಜನಕ್ಕೆ ಸಿಗದಂತೆ ಆಗಬಾರದು. ಆಶ್ ದೇವರಲ್ಲ. ಹಾಡಿದವರಿಗೆ ಸರಿಯಾಗಿ ರಾಯಲ್ಟಿ ಕೊಡಲಿಲ್ಲ ಎಂಬ ದೂರು ಅವನ ಮೇಲೆ ಇದೆ, ಅದನ್ನೂ ಬರೆದಿಡಬೇಕು. ಆದರೂ ಸಣ್ಣ ಸಂಖ್ಯೆ ಬೇರೆ, ಬಾಗಿಲು ಮುಚ್ಚುವುದು ಬೇರೆ ಅಂತ ತೋರಿಸಿಕೊಟ್ಟವನು ಅವನು.

ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪೆನಿ 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಹಾಕಿ, ಎಪ್ಪತ್ತರ ದಶಕದ ಕೊನೆಯವರೆಗೂ ಹೆಚ್ಚೂಕಮ್ಮಿ ಇಡೀ ಮಾರುಕಟ್ಟೆಯನ್ನು ಹಿಡಿದಿತ್ತು. ಅದನ್ನು ಒಡೆದದ್ದು ಕ್ಯಾಸೆಟ್ಟು. ಕ್ಯಾಸೆಟ್ಟಿಗೆ ಅಚ್ಚು ಬೇಡ, ತಾಯಿ ಬೇಡ. ಒಂದು ಬೇಕಾದರೆ ಒಂದು, ಹತ್ತು ಬೇಕಾದರೆ ಹತ್ತು. ಎಂಬತ್ತರ ದಶಕದಲ್ಲಿ ಊರೂರಿನಲ್ಲಿ ಸಣ್ಣ ಸಣ್ಣವರು ಜನಪದ ಹಾಡಿನ ಕ್ಯಾಸೆಟ್ಟು ಮಾಡಿದ್ದು ಈ ಕಾರಣದಿಂದಲೇ. ಮೊದಲ ಖರ್ಚಿನ ಗೋಡೆ ಬಿದ್ದ ಕಡೆ ಮಿತಿಯೂ ಬಿತ್ತು.

ಈಗ ಇನ್ನೊಂದು ಹೊಟ್ಟೆಯಲ್ಲಿ ಹುಟ್ಟಿದ ಮಿತಿಯನ್ನು ನೋಡೋಣ.

ಟಾಮಿ ಜಾನ್ಸನ್ ಅಂತ ಮಿಸಿಸಿಪಿಯ ಒಬ್ಬ ಕರಿಯ ಹಾಡುಗಾರ. ಪ್ಯಾರಮೌಂಟ್ ಎಂಬ ಕಂಪೆನಿಗೆ ಹಾಡಿದ. ಅದನ್ನು ನಡೆಸುತ್ತಿದ್ದವರು ವಿಸ್ಕಾನ್ಸಿನ್ನಿನ ಕುರ್ಚಿ ಕಾರ್ಖಾನೆಯವರು. ಕೀಳು ಅರಗು, ಒರಟು ತಟ್ಟೆ. ಮೂವತ್ತರ ದಶಕದ ಹಣದ ಮುಗ್ಗಟ್ಟಿನಲ್ಲಿ ಕಂಪೆನಿ ಮುಚ್ಚಿತು. ಅದರ ಎಷ್ಟೋ ತಟ್ಟೆಗಳು ಇವತ್ತು ಜಗತ್ತಿನಲ್ಲಿ ಒಂದೋ ಎರಡೋ ಉಳಿದಿವೆ. ಜಾನ್ಸನ್ 1956ರಲ್ಲಿ ಬಡವನಾಗಿಯೇ ಸತ್ತ. 2013ರಲ್ಲಿ ಅವನ ಒಂದು ತಟ್ಟೆ 37,100 ಡಾಲರಿಗೆ ಹೋಯಿತು. ಹಾಡುವಾಗ ಬೆಲೆ ಇರಲಿಲ್ಲ, ಹಾಡುಗಾರ ಸತ್ತು ತಟ್ಟೆ ಒಡೆದು ಉಳಿದದ್ದು ಕಡಿಮೆಯಾದ ಮೇಲೆ ಬೆಲೆ ಬಂತು. ಈ ಬೆಲೆ ಕಂಡ ಮಾರುಕಟ್ಟೆ ಒಂದು ಪಾಠ ಕಲಿಯಿತು. ಕೊರತೆಯೇ ಸರಕು. ಇಲ್ಲದಿದ್ದರೆ ಹುಟ್ಟಿಸು.

ಕೊನೆಗೆ ಅದು ಎಲ್ಲಿಗೆ ಮುಟ್ಟಿತು ಅಂದರೆ, ವು-ಟ್ಯಾಂಗ್ ಕ್ಲಾನ್ ಎಂಬ ಹೆಸರಾಂತ ತಂಡ ಒಂದೇ ಒಂದು ಪ್ರತಿಯ ಆಲ್ಬಮ್ ಮಾಡಿತು. 2015ರಲ್ಲಿ ಅದನ್ನು 20 ಲಕ್ಷ ಡಾಲರಿಗೆ ಕೊಂಡವನು ಮಾರ್ಟಿನ್ ಷ್ಕ್ರೆಲಿ. ಅದೇ ವರ್ಷ ಡಾರಾಪ್ರಿಮ್ ಎಂಬ ಔಷಧಿಯ ಒಂದು ಮಾತ್ರೆಯ ಬೆಲೆಯನ್ನು 13.50 ಡಾಲರಿನಿಂದ 750 ಡಾಲರಿಗೆ ಏರಿಸಿದ್ದನಲ್ಲ, ಅವನೇ. ಹಾಡಿನ ಕೊರತೆ ಮತ್ತು ಮದ್ದಿನ ಕೊರತೆ ಒಂದೇ ಕೈಯಲ್ಲಿ ಸೇರಿದ್ದು ಆಕಸ್ಮಿಕ ಅಂತ ನನಗೆ ಅನ್ನಿಸೋದಿಲ್ಲ.

2008ರ ಏಪ್ರಿಲ್ 19ರಿಂದ ವರ್ಷಕ್ಕೊಮ್ಮೆ ರೆಕಾರ್ಡ್ ಅಂಗಡಿ ದಿನ ನಡೆಯುತ್ತಿದೆ. ಸಣ್ಣ ಅಂಗಡಿಗಳು ಉಳಿಯಲಿ ಅಂತ ಹುಟ್ಟಿದ ಹಬ್ಬ. ಆದರೆ ಆ ದಿನಕ್ಕೆ ದೊಡ್ಡ ಕಂಪೆನಿಗಳು ತಮ್ಮ ಹಳೆ ಹಾಡನ್ನೇ ಬಣ್ಣದ ತಟ್ಟೆಯಲ್ಲಿ 'ಮಿತ' ಅಂತ ಒತ್ತಿಸಿ, ಕಾರ್ಖಾನೆಗಳ ಸರದಿಯನ್ನೆಲ್ಲ ತುಂಬಿಕೊಳ್ಳುತ್ತವೆ, ನಮ್ಮ ಮುನ್ನೂರು ತಟ್ಟೆ ತಿಂಗಳುಗಟ್ಟಲೆ ಕಾಯುತ್ತದೆ ಅಂತ ಸಣ್ಣ ಕಂಪೆನಿಯವರೇ ದೂರುತ್ತಾ ಬಂದಿದ್ದಾರೆ. ಬಡವನ ಹರಕು ಬಟ್ಟೆಯನ್ನು ಉಳ್ಳವರು ಫ್ಯಾಷನ್ ಮಾಡಿಕೊಂಡು, ಕೊನೆಗೆ ಬಟ್ಟೆಯೂ ಅವನಿಗೆ ಸಿಗದ ಹಾಗೆ ಮಾಡಿದ ಕತೆ ಇದು.

ಹಾಗಾಗಿ ಗೆಳೆಯರೇ, ಯಾವುದಾದರೂ 'ಇಷ್ಟೇ ಪ್ರತಿ' ಅಂದಾಗ ಮೂರು ಪ್ರಶ್ನೆ ಕೇಳೋಣ. ಮಿತಿ ಹಾಕಿದ್ದು ಯಾರು, ಬಡತನವೋ, ಸರ್ಕಾರವೋ, ವ್ಯಾಪಾರಿಯೋ? ಖಾಲಿಯಾದ ಮೇಲೆ ಮತ್ತೆ ಒತ್ತುತ್ತಾರೋ, ಬಾಗಿಲು ಹಾಕುತ್ತಾರೋ? ಹಾಡಿದವರ ಮನೆಗೆ ಒಂದು ಪ್ರತಿ ಹೋಯಿತೋ ಇಲ್ಲವೋ? ಟಾಪಿಕ್‌ನ 99 ಮೊದಲ ಪ್ರಶ್ನೆಗೆ ತಲೆ ಎತ್ತಿ ಉತ್ತರ ಕೊಡುತ್ತದೆ. ಆಶ್ ಎರಡನೆಯದಕ್ಕೆ ಕೊಡುತ್ತಾನೆ. ಮೂರನೆಯದಕ್ಕೆ ಪೂರ್ತಿ ಉತ್ತರ ಕೊಟ್ಟವರು ಇವರಲ್ಲಿ ಯಾರೂ ಇಲ್ಲ.

ಅದು ನಮ್ಮಿಂದ ಆಗಬಹುದಾದ ಕೆಲಸ. ಈಗ ಪ್ರತಿ ಮಾಡಲು ಅರಗು ಬೇಡ, ಅಚ್ಚು ಬೇಡ, ಜೇಬಿನ ಫೋನು ಸಾಕು. ಹಳ್ಳಿ ಶಾಲೆಯ ಮೇಷ್ಟ್ರು, ಹಾಸ್ಟೆಲಿನ ಹುಡುಗ ಹುಡುಗಿಯರು ತಮ್ಮ ಹಟ್ಟಿಯ ಹಾಡುಗಾರರನ್ನು ಕೇಳಿ, ಒಪ್ಪಿಗೆ ಪಡೆದು, ಮೂರು ನಿಮಿಷಕ್ಕೆ ಕತ್ತರಿಸದೆ ಪೂರ್ತಿ ಹಿಡಿದಿಡಲಿ. ಹಾಡಿದವರ ಹೆಸರು ಮೊದಲು ಬರೆಯಲಿ. ಮೊದಲ ಪ್ರತಿ ಅವರ ಮನೆಯಲ್ಲಿ ಇರಲಿ. ನೂರನೆಯವನು ಬಂದು ಕೇಳಿದರೆ ಇಲ್ಲ ಅನ್ನದಿರಲಿ.